ನೀನು, ನೀವು, ಮಿಸ್ ಹ್ಯಾಮಿಲ್ಟನ್

ನಾನು ಕರಿ ಕೋಟು ಹಾಕಿ ನಾಲ್ಕೋ ಐದೋ ವರ್ಷ ಆಗಿದ್ದಾಗಿನ ಮಾತು. ಜಮೀನಿನ ದಾವೆ, ಪ್ರತಿವಾದಿ ಕಡೆಗೆ ನನ್ನ ವಕಾಲತ್ತು. ವಾದಿ ಕಡೆಯ ಎರಡನೇ ಸಾಕ್ಷಿಯಾಗಿ ಅರವತ್ತು ದಾಟಿದ ಕೂಲಿ ಹೆಂಗಸೊಬ್ಬರು ಕಟಕಟೆ ಹತ್ತಿದರು. ಪಾಟೀಸವಾಲಿಗೆ ಎದ್ದವಳೇ ಶುರು ಮಾಡಿದೆ. "ಏನಮ್ಮ, ಎಷ್ಟು ವರ್ಷದಿಂದ ಆ ಹೊಲದಲ್ಲಿ ಕೆಲಸ ಮಾಡ್ತಿದ್ದೀಯ? ಚಕ್ಕುಬಂದಿ ಹೇಳು ನೋಡೋಣ. ಇಷ್ಟು ಹೇಳೋಕೆ ನಿಂಗೆ ಎಷ್ಟು ದುಡ್ಡು ಕೊಟ್ರು?" ಅದಕ್ಕೆ ಅರ್ಧ ಗಂಟೆ ಮುಂಚೆ ಅದೇ ಕಟಕಟೆಯಲ್ಲಿ ನಿಂತಿದ್ದವರು ಗೊಬ್ಬರದಂಗಡಿಯ ಮಾಲೀಕರು, ನಲವತ್ತರ ಪ್ರಾಯ. ಅವರನ್ನು ನಾನು ಕೇಳಿದ್ದು "ತಾವು ಆ ದಿನ ಅಂಗಡಿಯಲ್ಲೇ ಇದ್ರಾ?" ಅಂತ.

ಯಾರಿಗೂ ಏನೂ ಅನ್ನಿಸಲಿಲ್ಲ. ನ್ಯಾಯಾಧೀಶ ಸಾಹೇಬರಿಗೂ ಇಲ್ಲ, ಎದುರು ವಕೀಲರಿಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಜಗಲಿಯಲ್ಲಿ ಕಾಲೇಜು ಹುಡುಗಿಯೊಬ್ಬಳು ಅಡ್ಡ ಬಂದು ನಿಂತಳು. "ಮೇಡಂ, ನಮ್ಮಜ್ಜಿ ನಿಮಗಿಂತ ದೊಡ್ಡೋರು." ಅಷ್ಟೇ ಹೇಳಿ, ಅಜ್ಜಿಯ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದಳು. ನನ್ನ ಮನಸ್ಸಿನಲ್ಲಿ ತಕ್ಷಣ ಎದ್ದ ಸಮಜಾಯಿಷಿ ಏನು ಗೊತ್ತೇ? "ಅಮ್ಮ ಅಂದೆನಲ್ಲ!"

ಮುಂದಿನ ವಾಯಿದೆಗೆ ಬೇಕಿತ್ತು ಅಂತ ಆ ಸಾಕ್ಷ್ಯದ ನಕಲು ತೆಗೆಸಿದೆ. ಓದಿದರೆ ನನ್ನ "ನೀನು" ಎಲ್ಲೂ ಇಲ್ಲ. ನಮ್ಮ ಸಿವಿಲ್ ಕೋರ್ಟುಗಳಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರ ರೂಪದಲ್ಲಿ ಬರೆದುಕೊಳ್ಳುವುದಿಲ್ಲ, ಕಥನರೂಪದಲ್ಲಿ ಬರೆಸುತ್ತಾರೆ. ನಾನು ಕೇಳಿದ್ದು, ಅವರು ಹೇಳಿದ್ದು ಎರಡೂ ಕರಗಿ ಸಾಕ್ಷಿಯ ಬಾಯಲ್ಲಿ ಒಂದೇ ವಾಕ್ಯವಾಗಿ ಹೊರಬರುತ್ತದೆ: "ನನಗೆ ದಾವಾ ಸ್ವತ್ತಿನ ಚಕ್ಕುಬಂದಿ ಗೊತ್ತಿಲ್ಲ. ನಾನು ವಾದಿಯಿಂದ ಹಣ ಪಡೆದು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಪ್ರಶ್ನೆ ಕೇಳಿದವಳ ದನಿ, ಗತ್ತು, ವಿಭಕ್ತಿ ಪ್ರತ್ಯಯ ಎಲ್ಲ ಗಾಳಿಗೆ ಹೋಯಿತು. ನನಗೆ ಅವತ್ತು ಸಮಾಧಾನವೇ ಆಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಇದೆಲ್ಲ ಮರೆತೇಹೋಗಿತ್ತು. ಹೋದ ವರ್ಷ ಬೇಸಿಗೆ ರಜೆಯಲ್ಲಿ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಎಂಬ ಅಮೆರಿಕದ ವಕೀಲೆಯ ಬಗ್ಗೆ ಓದುತ್ತಿದ್ದೆ. ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ವಾದ ಮಂಡಿಸಿದ ಮೊದಲ ಕಪ್ಪು ಮಹಿಳೆ ಅವರು. ಅವರು ಅಲ್ಲಿ ನಡೆಸಿದ ಮೊದಲ ಕೇಸು 'ಹ್ಯಾಮಿಲ್ಟನ್ ವರ್ಸಸ್ ಅಲಬಾಮಾ', 1961ರದು. ತೀರ್ಪು ಓದೋಣ ಅಂತ ಹುಡುಕಿದೆ. ತೆರೆದುಕೊಂಡದ್ದು 1964ರ ಬೇರೊಂದು 'ಹ್ಯಾಮಿಲ್ಟನ್ ವರ್ಸಸ್ ಅಲಬಾಮಾ'. ಹೆಸರು ಒಂದೇ, ಕೇಸು ಬೇರೆ. ಮುಚ್ಚಿಬಿಡುವವಳಿದ್ದೆ. ಆದರೆ ಅದರ ಹೊಟ್ಟೆಯೊಳಗಿದ್ದ ಪಾಟೀಸವಾಲು ಕಣ್ಣಿಗೆ ಬಿತ್ತು.

1963ರ ಜೂನ್. ಅಲಬಾಮಾದ ಗ್ಯಾಡ್ಸ್‌ಡನ್ ಎಂಬ ಊರಿನ ಕೋರ್ಟು. ನಾಗರಿಕ ಹಕ್ಕುಗಳ ಪ್ರತಿಭಟನೆಯಲ್ಲಿ ಬಂಧಿತರಾದವರ ಹೇಬಿಯಸ್ ಕಾರ್ಪಸ್ ವಿಚಾರಣೆ, ಅಂದರೆ ಬಂಧನ ಕಾನೂನುಬದ್ಧವೇ ಎಂಬ ವಿಚಾರಣೆ. ಕಟಕಟೆಯಲ್ಲಿದ್ದವರು ಮೇರಿ ಹ್ಯಾಮಿಲ್ಟನ್, ಇಪ್ಪತ್ತೆಂಟರ ಆಸುಪಾಸಿನ ಕಪ್ಪು ಯುವತಿ, ಕೋರ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಕಾರ್ಯಕರ್ತೆ. ಸರ್ಕಾರಿ ವಕೀಲ ಹೆಸರು ಕೇಳಿದ. "ಮಿಸ್ ಮೇರಿ ಹ್ಯಾಮಿಲ್ಟನ್" ಅಂದರು. ಮುಂದಿನ ಪ್ರಶ್ನೆ: "ಮೇರಿ, ನಿನ್ನನ್ನು ಅರೆಸ್ಟ್ ಮಾಡಿದ್ದು ಯಾರು?" ಉತ್ತರ: "ನನ್ನ ಹೆಸರು ಮಿಸ್ ಹ್ಯಾಮಿಲ್ಟನ್. ದಯವಿಟ್ಟು ನನ್ನನ್ನು ಸರಿಯಾಗಿ ಸಂಬೋಧಿಸಿ." ವಕೀಲ ಮತ್ತೆ: "ಯಾರು ಅರೆಸ್ಟ್ ಮಾಡಿದ್ದು, ಮೇರಿ?" ಸರಿಯಾಗಿ ಸಂಬೋಧಿಸುವ ತನಕ ಉತ್ತರ ಕೊಡುವುದಿಲ್ಲ ಅಂದರು. ಅವರ ಪರ ವಕೀಲ ನಡುವೆ ಬಾಯಿ ಹಾಕಿ, ಸಾಕ್ಷಿಯ ಹೆಸರು ಮಿಸ್ ಹ್ಯಾಮಿಲ್ಟನ್ ಅಂತ ನೆನಪಿಸಿದರು. ನ್ಯಾಯಾಧೀಶರು ಪ್ರಶ್ನೆಗೆ ಉತ್ತರ ಕೊಡು ಅಂದರು. ಇಲ್ಲ ಅಂದರು. ನ್ಯಾಯಾಂಗ ನಿಂದನೆ, 5 ದಿನ ಜೈಲು, 50 ಡಾಲರ್ ದಂಡ.

ಇದನ್ನು ಕನ್ನಡಕ್ಕೆ ತರುವಾಗ "ನಿನ್ನನ್ನು" ಅಂತ ಬರೆದದ್ದು ನಾನು. ಇಂಗ್ಲಿಷಿನಲ್ಲಿ ಏಕವಚನ, ಬಹುವಚನ ಎರಡಕ್ಕೂ ಒಂದೇ "ಯೂ". ಹಾಗಂತ ಅಲ್ಲಿ ಏಕವಚನ ಇರಲಿಲ್ಲ ಅಂದುಕೊಳ್ಳಬೇಡಿ. ಅಮೆರಿಕದ ದಕ್ಷಿಣ ರಾಜ್ಯಗಳ ಕೋರ್ಟುಗಳಲ್ಲಿ ಬಿಳಿಯ ಸಾಕ್ಷಿಗಳು ಮಿಸ್ಟರ್, ಮಿಸೆಸ್, ಮಿಸ್. ಕಪ್ಪು ಸಾಕ್ಷಿಗಳು ಬರೀ ಮೊದಲ ಹೆಸರು. ಎಷ್ಟೇ ವಯಸ್ಸಾಗಿದ್ದರೂ ಗಂಡಸು "ಬಾಯ್". ತೀರಾ ತಲೆ ನರೆತಿದ್ದರೆ "ಅಂಕಲ್", ಹೆಂಗಸಾದರೆ "ಆಂಟಿ". ನೋಡುವುದಕ್ಕೆ ಪ್ರೀತಿಯ ಮಾತು. ಮಿಸೆಸ್ ಅನ್ನುವ ಮರ್ಯಾದೆಯನ್ನು ಕೊಡದೇ ಇರುವುದಕ್ಕೆ ಬಂಧುತ್ವದ ಒಂದು ಪದವನ್ನು ಅಡ್ಡ ಇಟ್ಟಿದ್ದರು, ಅಷ್ಟೇ. "ಆಂಟಿ" ಎಂಬ ಆ ಪದ ಓದಿದಾಗ ನನ್ನ "ಏನಮ್ಮ" ಎಲ್ಲಿಂದ ಎದ್ದು ಬಂತೋ ಕಾಣೆ.

ಅಲ್ಲಿನ ಕೋರ್ಟ್ ರಿಪೋರ್ಟರ್‌ಗಳು ಪ್ರಶ್ನೆಯನ್ನೂ ಉತ್ತರವನ್ನೂ ಆಡಿದ್ದು ಆಡಿದ ಹಾಗೆ ಬರೆದುಕೊಳ್ಳುತ್ತಾರೆ. ಆ "ಮೇರಿ" ದಾಖಲೆಯಲ್ಲಿ ಉಳಿದದ್ದರಿಂದಲೇ ಕೇಸು ಮೇಲೆ ಹೋಗಲು ಸಾಧ್ಯವಾಯಿತು. 1964ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ವಾದವನ್ನೂ ಕೇಳದೆ, ಕಾರಣವನ್ನೂ ವಿವರಿಸದೆ ಶಿಕ್ಷೆ ರದ್ದು ಮಾಡಿತು. ಅದು ಆಧಾರವಾಗಿ ಹೆಸರಿಸಿದ್ದು ಹಿಂದಿನ ವರ್ಷದ ಒಂದೇ ಒಂದು ತೀರ್ಪು, ಕೋರ್ಟು ಹಾಲಿನಲ್ಲಿ ಕಪ್ಪು ಜನಕ್ಕೂ ಬಿಳಿಯರಿಗೂ ಬೇರೆ ಬೇರೆ ಆಸನ ಇಡುವಂತಿಲ್ಲ ಎಂಬುದು. ಅಂದರೆ ಬೇರೆ ಬೆಂಚೂ ಬೇರೆ ಸಂಬೋಧನೆಯೂ ಒಂದೇ ಅಂತ ಅರ್ಥ ಮಾಡಿಕೊಳ್ಳಬೇಕಾದದ್ದು ಓದುವವರ ಕೆಲಸ. ಇಷ್ಟು ಚಿಕ್ಕ ಆದೇಶದಲ್ಲಿ ಇಷ್ಟು ದೊಡ್ಡ ಮಾತನ್ನು ನಾನು ಬೇರೆಲ್ಲೂ ಓದಿಲ್ಲ.

ಇನ್ನೊಂದು ಸ್ವಾರಸ್ಯ. ನ್ಯೂಯಾರ್ಕಿನಲ್ಲಿ ಮೇರಿ ಹ್ಯಾಮಿಲ್ಟನ್ ಅವರ ಜೊತೆ ಒಂದೇ ಮನೆಯಲ್ಲಿದ್ದ ಶೀಲಾ ಮೈಕಲ್ಸ್ ಅನ್ನುವವರೇ ಮುಂದೆ ಮಿಸ್ಸೂ ಅಲ್ಲದ ಮಿಸೆಸ್ಸೂ ಅಲ್ಲದ "ಮಿಜ಼್" ಎಂಬ ಸಂಬೋಧನೆಯನ್ನು ಚಾಲ್ತಿಗೆ ತರಲು ಪಟ್ಟುಹಿಡಿದವರು. ಒಬ್ಬ ಗೆಳತಿಗೆ ಮಿಸ್ ಅನ್ನಿಸಿಕೊಳ್ಳುವುದು ಜೈಲಿಗೆ ಹೋಗುವಷ್ಟು ಮುಖ್ಯ, ಇನ್ನೊಬ್ಬಳಿಗೆ ಮಿಸ್ ಎಂಬ ಪದವೇ ಬೇಡ. ಆ ಮನೆಯ ಅಡುಗೆಮನೆಯಲ್ಲಿ ಏನೇನು ಮಾತು ನಡೆದಿರಬಹುದು! (ನಮ್ಮಲ್ಲಿ ಮಿಸ್ ಅಂದರೆ ಕಾನ್ವೆಂಟಿನ ಟೀಚರ್. ಮದುವೆಯಾಗಿ ಮೊಮ್ಮಕ್ಕಳಿದ್ದರೂ ಮಿಸ್ಸೇ. ಕನ್ನಡದ ಮಕ್ಕಳು ಶೀಲಾ ಮೈಕಲ್ಸ್‌ಗಿಂತ ಮುಂಚೆಯೇ ಈ ಸಮಸ್ಯೆ ಬಗೆಹರಿಸಿದ್ದಾರೆ.)

ಸರಿ, ನಾನು ಹುಡುಕಿಕೊಂಡು ಹೊರಟಿದ್ದ ಮಾಟ್ಲಿಯವರ ಹತ್ತಿರ ಬರುತ್ತೇನೆ.

ಕಾನ್‌ಸ್ಟನ್ಸ್ ಬೇಕರ್ ಹುಟ್ಟಿದ್ದು 1921ರ ಸೆಪ್ಟೆಂಬರ್ 14ರಂದು, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ಅಪ್ಪ ಅಮ್ಮ ಕೆರಿಬಿಯನ್ನಿನ ನೆವಿಸ್ ದ್ವೀಪದಿಂದ ಬಂದವರು. ಹನ್ನೆರಡು ಮಕ್ಕಳಲ್ಲಿ ಇವರು ಒಂಬತ್ತನೆಯವರು. ಅಪ್ಪ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಲಬ್ಬುಗಳಲ್ಲಿ ಅಡುಗೆಯವರು. ಯೇಲ್‌ನ ಊಟ ಮನೆಗೆ ಗೊತ್ತಿತ್ತು, ಯೇಲ್‌ನ ಪಾಠ ಗೊತ್ತಿರಲಿಲ್ಲ. ಹೈಸ್ಕೂಲ್ ಮುಗಿಸಿದ ಮೇಲೆ ಕಾಲೇಜಿಗೆ ದುಡ್ಡಿಲ್ಲದೆ, ಹಳೇ ಕುರ್ಚಿಗಳಿಗೆ ಮತ್ತೆ ಬಣ್ಣ ಕೊಡುವ ಸರ್ಕಾರಿ ಯೋಜನೆಯ ಕೆಲಸಕ್ಕೆ ಸೇರಿದರು. ಆ ದಿನಗಳಲ್ಲೇ ಕಪ್ಪು ಜನರ ಸಮುದಾಯ ಭವನದ ಸಭೆಯೊಂದರಲ್ಲಿ ಎದ್ದು ನಿಂತು, ಈ ಭವನವನ್ನು ನಡೆಸುವವರೆಲ್ಲ ಬಿಳಿಯರೇ, ಅದಕ್ಕೇ ನಮ್ಮವರು ಇಲ್ಲಿಗೆ ಬರುವುದಿಲ್ಲ ಅಂತ ಹೇಳಿಬಿಟ್ಟರು. ಆ ಭವನಕ್ಕೆ ಹಣ ಕೊಟ್ಟಿದ್ದ ಕ್ಲಾರೆನ್ಸ್ ಬ್ಲೇಕ್ಸ್‌ಲಿ ಎಂಬ ಬಿಳಿಯ ಗುತ್ತಿಗೆದಾರರು ಸಭೆಯಲ್ಲೇ ಕೂತಿದ್ದರು. ಬೈಸಿಕೊಂಡ ದಾನಿ ಏನು ಮಾಡುತ್ತಾನೆ ಹೇಳಿ? ಇವರು ಹುಡುಗಿಯನ್ನು ಕರೆಸಿ, ಏನು ಓದಬೇಕು ಅಂತಿದ್ದೀ ಅಂತ ಕೇಳಿದರು. ಲಾ ಅಂದರು. ಫೀಸು ನನ್ನದು ಅಂದರು.

1946ರಲ್ಲಿ ಕೊಲಂಬಿಯಾದಿಂದ ಕಾನೂನು ಪದವಿ. ಅದಕ್ಕೂ ಮುಂಚೆ ವಾಲ್‌ಸ್ಟ್ರೀಟಿನ ಒಂದು ವಕೀಲರ ಕಂಪನಿ ಸಂದರ್ಶನಕ್ಕೆ ಕರೆದಿತ್ತು. ಬಾಗಿಲಲ್ಲಿ ಇವರ ಮುಖ ಕಂಡದ್ದೇ ಸಂದರ್ಶನ ರದ್ದಾಯಿತು. ಹೀಗಾಗಿ ಸೇರಿದ್ದು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆಯ ಕಾನೂನು ನಿಧಿಗೆ, ಅದರ ಮುಖ್ಯಸ್ಥ ಥರ್ಗುಡ್ ಮಾರ್ಷಲ್ ಅವರ ಕೈಕೆಳಗೆ. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪಾದ 1954ರ ಬ್ರೌನ್ ಕೇಸಿನ ಮೂಲ ದಾವಾಪತ್ರದ ಕರಡು ಬರೆದದ್ದು ಇವರು. ನಮ್ಮ ಕಸುಬಿನವರಿಗೆ ಗೊತ್ತು, ಪ್ಲೇಂಟು ಬರೆದವರ ಹೆಸರು ಯಾರ ಬಾಯಲ್ಲೂ ಉಳಿಯುವುದಿಲ್ಲ.

1949ರಲ್ಲಿ ಅವರು ಮೊದಲ ಸಲ ಮಿಸಿಸಿಪಿಯ ಜಾಕ್ಸನ್ನಿಗೆ ಹೋದರು, ಸಹೋದ್ಯೋಗಿ ರಾಬರ್ಟ್ ಕಾರ್ಟರ್ ಜೊತೆಗೆ. ಕಕ್ಷಿದಾರರು ಗ್ಲ್ಯಾಡಿಸ್ ನೋಯೆಲ್ ಬೇಟ್ಸ್ ಎಂಬ ವಿಜ್ಞಾನದ ಟೀಚರ್. ಬಿಳಿಯ ಟೀಚರಿಗೆ ಒಂದು ಸಂಬಳ, ಕಪ್ಪು ಟೀಚರಿಗೆ ಅದಕ್ಕಿಂತ ಕಮ್ಮಿ ಸಂಬಳ ಏಕೆ ಎಂಬುದು ಕೇಸು. ಆ ಫೆಡರಲ್ ಕೋರ್ಟಿನ ಹಾಲಿನಲ್ಲಿ ನ್ಯಾಯಾಧೀಶರ ಪೀಠದ ಹಿಂದಿನ ಗೋಡೆಯ ತುಂಬ ಒಂದು ವರ್ಣಚಿತ್ರ ಇತ್ತು, 1938ರಲ್ಲಿ ಬರೆಸಿದ್ದು. ಬಂಗಲೆಯ ಮುಂದೆ ಠೀವಿಯಿಂದ ನಿಂತ ಬಿಳಿಯರು, ಹತ್ತಿ ಬಿಡಿಸುತ್ತಿರುವ, ಬ್ಯಾಂಜೊ ನುಡಿಸುತ್ತಿರುವ ಕಪ್ಪು ಜನ. ಸೂಟು ತೊಟ್ಟು, ಕೈಯಲ್ಲಿ ಫೈಲು ಹಿಡಿದ ಎತ್ತರದ ಕಪ್ಪು ವಕೀಲೆ ಆ ಚಿತ್ರಕ್ಕೆ ಮುಖ ಮಾಡಿ ನಿಂತು "ಯುವರ್ ಆನರ್" ಅನ್ನಬೇಕು. ಮಿಸಿಸಿಪಿಯ ಕೋರ್ಟಿನಲ್ಲಿ ಕಪ್ಪು ವಕೀಲೆ ಅಂದರೆ ಅಲ್ಲಿಯವರೆಗೆ ಯಾರೂ ಕಣ್ಣಾರೆ ಕಂಡಿರದ ಸಂಗತಿ. ಊರಿನ ಪತ್ರಿಕೆಗೆ ಇವರನ್ನು ಮಿಸೆಸ್ ಮಾಟ್ಲಿ ಅಂತ ಅಚ್ಚು ಹಾಕಲು ಅಕ್ಷರ ಜೋಡಿಸುವವನ ಕೈಯೇ ಬರಲಿಲ್ಲವೇನೋ, "ದ ಮಾಟ್ಲಿ ವುಮನ್" ಅಂತ ಬರೆಯಿತು. ಆ ಮಾಟ್ಲಿ ಅನ್ನೋ ಹೆಂಗಸು. ಕನ್ನಡದಲ್ಲಿ ಇದರ ಧಾಟಿ ನಮಗೆ ಚೆನ್ನಾಗಿ ಗೊತ್ತು.

ಕೇಸು ಸೋತಿತು. ಬೇಟ್ಸ್ ಕೆಲಸ ಕಳೆದುಕೊಂಡರು, ಅವರ ಮನೆ ಸುಟ್ಟುಹೋಯಿತು.

ಹನ್ನೆರಡು ವರ್ಷ ಬಿಟ್ಟು ಅದೇ ಊರಿಗೆ ಮಾಟ್ಲಿ ಮತ್ತೆ ಬಂದರು. ಈ ಸಲದ ಕಕ್ಷಿದಾರ ಜೇಮ್ಸ್ ಮೆರೆಡಿತ್, ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ ಸೇರಬೇಕೆಂದ ಕಪ್ಪು ಯುವಕ. ಒಂದೇ ಕೇಸಿಗೆ ನ್ಯೂಯಾರ್ಕಿನಿಂದ ಮತ್ತೆ ಮತ್ತೆ ಪ್ರಯಾಣ. ಹೋಟೆಲುಗಳಲ್ಲಿ ಕಪ್ಪು ಜನಕ್ಕೆ ಕೋಣೆ ಕೊಡದಿದ್ದ ಕಾಲ, ಉಳಿದುಕೊಳ್ಳಬೇಕಾದದ್ದು ತಮ್ಮವರ ಮನೆಗಳಲ್ಲಿ. ಕಾರಿನಲ್ಲಿ ಕರೆದೊಯ್ಯುತ್ತಿದ್ದ ಹೋರಾಟಗಾರ ಮೆಡ್ಗರ್ ಎವರ್ಸ್, ಹಿಂದೆ ಪೊಲೀಸರು ಬರುತ್ತಿದ್ದಾರೆ, ತಿರುಗಿ ನೋಡಬೇಡಿ ಅಂತ ಹೇಳಿದ್ದನ್ನು ಮಾಟ್ಲಿ ಮುಂದೆ ನೆನೆಸಿಕೊಂಡಿದ್ದಾರೆ. ಅದೇ ಎವರ್ಸ್ ಅವರನ್ನು 1963ರ ಜೂನ್ 12ರಂದು ಅವರ ಮನೆಯ ಅಂಗಳದಲ್ಲೇ ಗುಂಡಿಕ್ಕಿ ಕೊಂದರು. ಗ್ಯಾಡ್ಸ್‌ಡನ್ನಿನಲ್ಲಿ ಮೇರಿ ಹ್ಯಾಮಿಲ್ಟನ್ ಕಟಕಟೆ ಹತ್ತಿದ್ದು ಅದಾಗಿ ಎರಡು ವಾರಕ್ಕೆ. ಈ ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡುವ ತನಕ "ಮಿಸ್ ಅನ್ನಿ" ಎಂಬ ಹಟ ನನಗೂ ಸ್ವಲ್ಪ ಅತಿಯಾಯಿತು ಅನ್ನಿಸಿತ್ತು.

ಮೆರೆಡಿತ್ ಕೇಸಿನಲ್ಲಿ ಜಿಲ್ಲಾ ನ್ಯಾಯಾಧೀಶರು ಕೊಟ್ಟ ತೀರ್ಪು ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಈ ವಿಶ್ವವಿದ್ಯಾಲಯದಲ್ಲಿ ವರ್ಣಭೇದವೇ ಇಲ್ಲ ಅಂತ ಬರೆದರು. ಒಬ್ಬನೇ ಒಬ್ಬ ಕಪ್ಪು ವಿದ್ಯಾರ್ಥಿ ಇಲ್ಲದ ಕ್ಯಾಂಪಸ್ಸಿನ ಬಗ್ಗೆ! ಮೇಲ್ಮನವಿ ಕೋರ್ಟು ಅದನ್ನು ತಿರುಗಿಸಿತು. 1962ರ ಅಕ್ಟೋಬರ್ 1ರಂದು ಮೆರೆಡಿತ್ ಕ್ಯಾಂಪಸ್ಸಿಗೆ ಕಾಲಿಟ್ಟಾಗ ಫೆಡರಲ್ ಸೇನೆ ಕಾವಲಿಗಿತ್ತು, ಹಿಂದಿನ ರಾತ್ರಿಯ ಗಲಭೆಯಲ್ಲಿ ಇಬ್ಬರು ಸತ್ತಿದ್ದರು. ಮುಂದಿನ ವರ್ಷ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರತಿಭಟನೆಗೆ ಹೋದರೆಂದು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಶಾಲೆಯಿಂದ ಹೊರಹಾಕಿದಾಗ, ಮೇಲ್ಮನವಿ ನ್ಯಾಯಾಧೀಶರ ಮುಂದೆ ನಿಂತು ಅವರನ್ನು ವಾಪಸ್ ಸೇರಿಸಿದ್ದೂ ಮಾಟ್ಲಿಯೇ.

ನಾನು ಮೊದಲು ಹುಡುಕಿದ 1961ರ ಕೇಸಿನ ಕತೆಯೂ ಹೇಳಬೇಕು. ಚಾರ್ಲ್ಸ್ ಹ್ಯಾಮಿಲ್ಟನ್ ಎಂಬ ಕಪ್ಪು ಮನುಷ್ಯನಿಗೆ ಅಲಬಾಮಾ ಮರಣದಂಡನೆ ಕೊಟ್ಟಿತ್ತು. ದೋಷಾರೋಪವನ್ನು ಓದಿ ಹೇಳಿದ ದಿನ ಅವನ ಪಕ್ಕದಲ್ಲಿ ವಕೀಲರೇ ಇರಲಿಲ್ಲ. ಅಲಬಾಮಾದ ನಿಯಮದ ಪ್ರಕಾರ ಬುದ್ಧಿಸ್ಥಿಮಿತ ಇಲ್ಲ ಎಂಬಂಥ ಕೆಲವು ವಾದಗಳನ್ನು ಎತ್ತಬೇಕಾದದ್ದು ಆ ದಿನವೇ, ಆಮೇಲೆ ಎತ್ತುವಂತಿಲ್ಲ. ವಕೀಲರಿಲ್ಲದ ಆ ಒಂದು ದಿನವೇ ಸಾಕು, ಶಿಕ್ಷೆ ನಿಲ್ಲುವುದಿಲ್ಲ ಅಂತ ಮಾಟ್ಲಿ ವಾದಿಸಿದರು. ಒಂಬತ್ತೂ ನ್ಯಾಯಮೂರ್ತಿಗಳು ಒಪ್ಪಿದರು. ಸುಪ್ರೀಂ ಕೋರ್ಟಿನಲ್ಲಿ ಅವರು ವಾದಿಸಿದ್ದು ಒಟ್ಟು 10 ಕೇಸು, ಗೆದ್ದದ್ದು 9. ಸೋತ ಹತ್ತನೆಯದು ಸ್ವೇನ್ ಕೇಸು, ಜ್ಯೂರಿಯಿಂದ ಕಪ್ಪು ಜನರನ್ನು ಕಾರಣ ಹೇಳದೆ ತೆಗೆದುಹಾಕುವ ಪದ್ಧತಿಯ ವಿರುದ್ಧದ್ದು. 1986ರಲ್ಲಿ ಬ್ಯಾಟ್ಸನ್ ಕೇಸಿನಲ್ಲಿ ಕೋರ್ಟು ತಾನೇ ಆ ನಿಲುವಿನಿಂದ ಹಿಂದೆ ಸರಿಯಿತು. ವಕೀಲರು ಇಂಥ ಲೆಕ್ಕವನ್ನು ಹತ್ತಕ್ಕೆ ಹತ್ತು ಅಂತಲೇ ಹಾಕಿಕೊಳ್ಳುತ್ತೇವೆ.

ಇಂಥವರಿದ್ದೂ, 1961ರಲ್ಲಿ ಮಾರ್ಷಲ್ ನ್ಯಾಯಾಧೀಶರಾಗಿ ಹೊರಟಾಗ ಕಾನೂನು ನಿಧಿಯ ಮುಖ್ಯಸ್ಥರ ಕುರ್ಚಿ ಸಿಕ್ಕಿದ್ದು ಇವರಿಗಲ್ಲ, ಜ್ಯಾಕ್ ಗ್ರೀನ್‌ಬರ್ಗ್ ಎಂಬ ಬಿಳಿಯ ಸಹೋದ್ಯೋಗಿಗೆ. ಮಾರ್ಷಲ್ ದೊಡ್ಡ ಮನುಷ್ಯ, ನಿಜ. ಆದರೆ ಈ ಜಾಗದಲ್ಲಿ ನನಗೆ ಅವರ ಮೇಲೆ ಸಿಟ್ಟು ಬಂದಿದೆ, ಇನ್ನೂ ಇಳಿದಿಲ್ಲ. 1966ರಲ್ಲಿ ಅಧ್ಯಕ್ಷ ಜಾನ್ಸನ್ ಮಾಟ್ಲಿಯವರನ್ನು ನ್ಯೂಯಾರ್ಕಿನ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ನೇಮಿಸಿದರು. ಮಿಸಿಸಿಪಿಯ ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್ ತಿಂಗಳುಗಟ್ಟಲೆ ಅದಕ್ಕೆ ಅಡ್ಡಗಾಲು ಹಾಕಿದರು. ಕೊನೆಗೂ ಮಾಟ್ಲಿ ಅಮೆರಿಕದ ಮೊದಲ ಕಪ್ಪು ಮಹಿಳಾ ಫೆಡರಲ್ ನ್ಯಾಯಾಧೀಶೆಯಾದರು. 1975ರಲ್ಲಿ ವಕೀಲರ ದೊಡ್ಡ ಕಂಪನಿಯೊಂದು ಹೆಂಗಸರಿಗೆ ಕೆಲಸ ಕೊಡುವುದರಲ್ಲಿ ತಾರತಮ್ಯ ಮಾಡುತ್ತದೆ ಎಂಬ ದಾವೆ ಅವರ ಮುಂದೆ ಬಂತು. ನೀವು ಹೆಂಗಸು, ಅದರಲ್ಲೂ ಕಪ್ಪು ಹೆಂಗಸು, ಪಕ್ಷಪಾತ ಮಾಡುತ್ತೀರಿ, ಕೇಸು ಬಿಟ್ಟುಕೊಡಿ ಅಂತ ಪ್ರತಿವಾದಿಗಳು ಅರ್ಜಿ ಹಾಕಿದರು. ಮಾಟ್ಲಿ ಬರೆದ ಉತ್ತರದ ಸಾರ ಇಷ್ಟು: ಲಿಂಗವೋ ಬಣ್ಣವೋ ಇದ್ದ ಮಾತ್ರಕ್ಕೆ ನ್ಯಾಯಾಧೀಶರು ಹಿಂದೆ ಸರಿಯಬೇಕು ಅಂದರೆ ಈ ಕೋರ್ಟಿನಲ್ಲಿ ಯಾರೂ ಈ ಕೇಸು ಕೇಳುವಂತಿಲ್ಲ. ಎಲ್ಲರಿಗೂ ಒಂದು ಲಿಂಗ ಇದೆ, ಒಂದು ಬಣ್ಣ ಇದೆ. ಬಾಗಿಲಲ್ಲೇ ಸಂದರ್ಶನ ಮುಗಿಸಿಕೊಂಡು ಬಂದಿದ್ದ ಹುಡುಗಿ ಮೂವತ್ತು ವರ್ಷ ಬಿಟ್ಟು ಬರೆದ ಆದೇಶ ಅದು. ದನಿ ಎಲ್ಲೂ ಏರುವುದಿಲ್ಲ.

ದಕ್ಷಿಣದವರು ಕೊಡಲು ಒಪ್ಪದ ಅದೇ "ಮಿಸ್" ಉತ್ತರದಲ್ಲಿ ಏನು ಮಾಡಿತು ಎಂಬುದು ಪಾಲಿ ಮರ್ರಿ ಎಂಬ ಇನ್ನೊಬ್ಬ ಕಪ್ಪು ವಕೀಲರ ಕತೆ.

ಮರ್ರಿ ಹುಟ್ಟಿದ್ದು 1910ರಲ್ಲಿ, ಬೆಳೆದದ್ದು ನಾರ್ತ್ ಕೆರೊಲಿನಾದ ಡರಮ್‌ನಲ್ಲಿ. 1938ರಲ್ಲಿ ಆ ರಾಜ್ಯದ ವಿಶ್ವವಿದ್ಯಾಲಯ ಬಣ್ಣದ ಕಾರಣ ಕೊಟ್ಟು ಪ್ರವೇಶ ನಿರಾಕರಿಸಿತು. 1941ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್‌ನಲ್ಲಿ ಲಾ ಓದಲು ಸೇರಿದರು. ಕಪ್ಪು ಜನರದೇ ವಿಶ್ವವಿದ್ಯಾಲಯ, ಹಾಗಾಗಿ ಬಣ್ಣದ ತಕರಾರಿಲ್ಲ. ತರಗತಿಯಲ್ಲಿ ಇವರೊಬ್ಬರೇ ಹೆಂಗಸು. ಮೊದಲ ದಿನವೇ ಪ್ರಾಧ್ಯಾಪಕರೊಬ್ಬರು, ಹೆಂಗಸರು ಲಾ ಕಾಲೇಜಿಗೆ ಯಾಕೆ ಬರುತ್ತಾರೋ ನನಗೆ ತಿಳಿಯದು ಅಂದರು, ಹುಡುಗರು ನಕ್ಕರು. ಮರ್ರಿ 1944ರಲ್ಲಿ ತರಗತಿಗೇ ಮೊದಲಿಗರಾಗಿ ಹೊರಬಂದರು. ಹೋವರ್ಡ್‌ನಲ್ಲಿ ಮೊದಲ ಸ್ಥಾನ ಬಂದವರು ಹಾರ್ವರ್ಡ್‌ಗೆ ಹೋಗಿ ಹೆಚ್ಚಿನ ವ್ಯಾಸಂಗ ಮಾಡುವುದು ವಾಡಿಕೆ. ಅರ್ಜಿ ಹಾಕಿದರು. ಹಾರ್ವರ್ಡ್‌ನ ಉತ್ತರ: ನಿಮ್ಮ ಭಾವಚಿತ್ರ ಮತ್ತು ನಿಮ್ಮ ಅಂಕಪಟ್ಟಿಯಲ್ಲಿರುವ ಸಂಬೋಧನೆಯಿಂದ, ನೀವು ಹಾರ್ವರ್ಡ್ ಲಾ ಸ್ಕೂಲಿಗೆ ಪ್ರವೇಶ ಪಡೆಯಲು ಅರ್ಹವಾದ ಲಿಂಗದವರಲ್ಲ ಎಂದು ತಿಳಿದುಬರುತ್ತದೆ.

ಅಂಕಪಟ್ಟಿಯಲ್ಲಿರುವ ಸಂಬೋಧನೆ. ಅಂದರೆ "ಮಿಸ್".

ಈ ಸಾಲನ್ನು ಓದಿದ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಅಲಬಾಮಾದಲ್ಲಿ ಆ ಪದವನ್ನು ಕಿತ್ತುಕೊಂಡು ಕಪ್ಪು ಹೆಂಗಸನ್ನು ಕೆಳಗೆ ಕೂರಿಸಿದರು. ಮ್ಯಾಸಚೂಸೆಟ್ಸ್‌ನಲ್ಲಿ ಅದೇ ಪದವನ್ನು ಎತ್ತಿ ತೋರಿಸಿ ಬಾಗಿಲು ಹಾಕಿದರು. ಮರ್ರಿ ವಾಪಸ್ ಬರೆದ ಪತ್ರ ಪ್ರಸಿದ್ಧ. ಮಹನೀಯರೇ, ನಿಮ್ಮ ಷರತ್ತು ಪೂರೈಸಲು ನನ್ನ ಲಿಂಗವನ್ನು ಸಂತೋಷವಾಗಿ ಬದಲಾಯಿಸಿಕೊಳ್ಳುತ್ತಿದ್ದೆ, ಆದರೆ ಅದರ ಮಾರ್ಗ ನನಗಿನ್ನೂ ತಿಳಿದುಬಂದಿಲ್ಲ ಎಂಬರ್ಥದ ಮಾತು ಅದರಲ್ಲಿದೆ. ಓದಿದವರೆಲ್ಲ ಇದನ್ನು ಚಾಟಿ ಅಂದುಕೊಳ್ಳುತ್ತಾರೆ. ಅದರಡಿಯಲ್ಲಿ ಇನ್ನೊಂದು ನೋವಿತ್ತು. ಮರ್ರಿ ತಮ್ಮನ್ನು ಹೆಣ್ಣೆಂದು ಪೂರ್ತಿ ಒಪ್ಪಿಕೊಳ್ಳಲಾಗದೆ, ಗಂಡಿನ ಹಾರ್ಮೋನು ಕೊಡಿ ಅಂತ ವರ್ಷಗಟ್ಟಲೆ ವೈದ್ಯರ ಬಾಗಿಲು ತಟ್ಟಿದವರು. ಇವತ್ತು ಇಂಗ್ಲಿಷಿನಲ್ಲಿ ಅವರ ಬಗ್ಗೆ ಬರೆಯುವವರು ಅವಳು ಅನ್ನಬೇಕೋ ಅವನು ಅನ್ನಬೇಕೋ ಅಂತ ಪುಟಗಟ್ಟಲೆ ಚರ್ಚಿಸುತ್ತಾರೆ. ನಾನು ಇಷ್ಟು ಹೊತ್ತೂ "ಅವರು" ಅನ್ನುತ್ತಿದ್ದೇನೆ. ನನ್ನ ಭಾಷೆ ಕೊಟ್ಟ ಮರ್ಯಾದೆಯ ಪದದಲ್ಲಿ ಹೆಣ್ಣೂ ಇಲ್ಲ, ಗಂಡೂ ಇಲ್ಲ. ಇದೇ ಭಾಷೆಯಲ್ಲೇ ನಾನು ಆ ಅಜ್ಜಿಗೆ "ನಿಂಗೆ ಎಷ್ಟು ದುಡ್ಡು ಕೊಟ್ರು" ಅಂದದ್ದೂ.

ಹಾರ್ವರ್ಡ್ ಲಾ ಸ್ಕೂಲು ಹೆಂಗಸರನ್ನು ಸೇರಿಸಿಕೊಂಡದ್ದು 1950ರಲ್ಲಿ. ಮರ್ರಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋದರು. ಹೋವರ್ಡ್‌ನಲ್ಲಿ ಓದುವಾಗಲೇ ಅವರು ತರಗತಿಯಲ್ಲಿ, ಕಪ್ಪು ಜನರನ್ನು ಬೇರೆ ಇಟ್ಟರೂ ಸೌಲಭ್ಯ ಸಮಾನವಾಗಿದ್ದರೆ ಸಾಕು ಅನ್ನುವ "ಬೇರೆ, ಆದರೆ ಸಮಾನ" ಎಂಬ ಸಿದ್ಧಾಂತವನ್ನು ಅದರ ಬೇರಿಗೇ ಕೊಡಲಿ ಇಟ್ಟು ಕಡಿಯಬೇಕು, ಬೇರ್ಪಡಿಸುವುದೇ ಅಸಮಾನತೆ ಅಂತ ವಾದಿಸಬೇಕು ಅಂದಿದ್ದರು. ಎಲ್ಲರೂ ನಕ್ಕಿದ್ದರು. ಇಪ್ಪತ್ತೈದು ವರ್ಷದೊಳಗೆ ಆ ಸಿದ್ಧಾಂತ ಬೀಳುತ್ತದೆ ಅಂತ ಪ್ರಾಧ್ಯಾಪಕ ಸ್ಪಾಟ್ಸ್‌ವುಡ್ ರಾಬಿನ್ಸನ್ ಜೊತೆ 10 ಡಾಲರ್ ಪಂಥ ಕಟ್ಟಿದರು. ಹತ್ತೇ ವರ್ಷದಲ್ಲಿ ಬ್ರೌನ್ ತೀರ್ಪು ಬಂತು. ತಾವು ಬರೆದಿದ್ದ ವಿದ್ಯಾರ್ಥಿ ಪ್ರಬಂಧವನ್ನು ಅದೇ ರಾಬಿನ್ಸನ್ ಹುಡುಕಿ ತೆಗೆದು ಬ್ರೌನ್ ಕೇಸಿನ ತಯಾರಿಗೆ ಬಳಸಿದ್ದರು ಎಂಬುದು ಮರ್ರಿಗೆ ಗೊತ್ತಾದದ್ದು ತೀರ್ಪು ಬಂದು ಸುಮಾರು ಹತ್ತು ವರ್ಷದ ಮೇಲೆ. ದಕ್ಷಿಣದ ವರ್ಣಭೇದದ ಕಾನೂನುಗಳಿಗಿದ್ದ "ಜಿಮ್ ಕ್ರೋ" ಎಂಬ ಹೆಸರನ್ನು ಹೆಣ್ಣಾಗಿಸಿ, ಲಿಂಗದ ಆಧಾರದ ತಾರತಮ್ಯಕ್ಕೆ ಅವರು "ಜೇನ್ ಕ್ರೋ" ಅಂತ ಹೆಸರಿಟ್ಟು ಕಟ್ಟಿದ ವಾದ 1971ರ ರೀಡ್ ಕೇಸಿನಲ್ಲಿ ಗೆದ್ದಿತು. ಅಲ್ಲಿ ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ರೂತ್ ಬೇಡರ್ ಗಿನ್ಸ್‌ಬರ್ಗ್ ಲಿಖಿತ ವಾದದ ಮುಖಪುಟಕ್ಕೆ ಮರ್ರಿಯ ಹೆಸರನ್ನೂ ಹಾಕಿದರು, ಮರ್ರಿ ಅದರಲ್ಲಿ ಒಂದು ಸಾಲು ಬರೆಯದಿದ್ದರೂ. ಹೆಸರು ಎಲ್ಲಿ ಬರಬೇಕೋ ಅಲ್ಲಿ ಬರಿಸಿದ ಒಬ್ಬರಾದರೂ ಇದ್ದರಲ್ಲ.

ಲಾ ಕಾಲೇಜಿಗೆ ಸೇರುವ ಮುಂಚೆ, 1940ರಲ್ಲಿ, ವರ್ಜೀನಿಯಾದ ಪೀಟರ್ಸ್‌ಬರ್ಗ್‌ನಲ್ಲಿ ಬಸ್ಸಿನ ಮುರುಕು ಸೀಟಿಗೆ ಹೋಗಲೊಲ್ಲೆ ಅಂತ ಕೂತು ಮರ್ರಿ ಗೆಳತಿಯೊಂದಿಗೆ ಬಂಧನಕ್ಕೊಳಗಾದರು. ಗಾಂಧೀಜಿಯ ಸತ್ಯಾಗ್ರಹದ ಬಗ್ಗೆ ಓದಿಕೊಂಡಿದ್ದರು, ಜೈಲಿನಲ್ಲಿ ಅದನ್ನೇ ಪ್ರಯೋಗ ಮಾಡಿದರು. ಮರುವರ್ಷ ಅದೇ ದಕ್ಷಿಣದ ಲೂಸಿಯಾನಾದಲ್ಲಿ ರೈಲಿನಲ್ಲಿ ಕೂತಿದ್ದವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಟಿಕೆಟ್ ಕಲೆಕ್ಟರು ಬಿಳಿಯರ ಬೋಗಿಯಿಂದ ಏಳಲು ಹೇಳಿದ. ಏಳಲಿಲ್ಲ. ಆಮೇಲೆ ಅವನಿಗೆ ಇವರು ಇಲ್ಲಿನವರಲ್ಲ ಎಂಬ ಗುಮಾನಿ ಹತ್ತಿ, ಯಾವ ದೇಶ ಅಂತ ವಿಚಾರಿಸತೊಡಗಿದ. ಇಂಡಿಯಾ ಅಂದುಬಿಟ್ಟರೆ ತಾಪತ್ರಯ ಮುಗಿಯುತ್ತಿತ್ತು, ವಿದೇಶಿ ಅಂತ ಬಿಡುತ್ತಿದ್ದ. ಕಮಲಾದೇವಿ ಆ ದಾರಿ ಹಿಡಿಯಲಿಲ್ಲ. ದೇಶ ಯಾವುದಾದರೇನು, ನಾನು ಬಣ್ಣದ ಹೆಂಗಸು ಅನ್ನುವುದು ಕಾಣುತ್ತಲೇ ಇದೆ, ಇಲ್ಲಿಂದ ಏಳುವ ಯೋಚನೆ ನನಗಿಲ್ಲ ಅಂದರು. ಸೀರೆಯುಟ್ಟ ಈ ಹೆಂಗಸನ್ನು ಏನು ಮಾಡುವುದು ತಿಳಿಯದೆ ಅವನೇ ಹೋದ.

ಎಲ್ಲಕ್ಕಿಂತ ಮೊದಲು ಇದ್ದವರು ಶಾರ್ಲೆಟ್ ರೇ. ಕೊನೆಗೆ ನೆನಪಾದದ್ದು ಅವರ ಹಣೆಬರಹಕ್ಕೆ ಸರಿಯಾಗಿಯೇ ಇದೆ. 1850ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, 1872ರಲ್ಲಿ ಹೋವರ್ಡ್‌ನಿಂದ ಕಾನೂನು ಪದವಿ ಪಡೆದು, ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ಸನ್ನದು ತೆಗೆದುಕೊಂಡ ಅಮೆರಿಕದ ಮೊದಲ ಕಪ್ಪು ವಕೀಲೆ. ಹೆಣ್ಣೆಂದು ಗೊತ್ತಾಗದಿರಲಿ ಅಂತ ಅರ್ಜಿಯಲ್ಲಿ 'ಸಿ. ಇ. ರೇ' ಅಂತ ಇನಿಷಿಯಲ್ಸ್ ಮಾತ್ರ ಬರೆದರು ಎಂಬ ಕತೆ ಎಲ್ಲರೂ ಹೇಳುತ್ತಾರೆ. ಹೋವರ್ಡ್‌ನ ಕಾನೂನು ವಿಭಾಗಕ್ಕೆ ಹೆಂಗಸರು ಅದಾಗಲೇ ಸೇರಿದ್ದರಿಂದ ನನಗೆ ಈ ಕತೆಯ ಮೇಲೆ ಅಷ್ಟು ನಂಬಿಕೆ ಇಲ್ಲ. ಆದರೂ ಕತೆ ಬದುಕಿದೆ, ಯಾಕೆಂದರೆ ಆ ಕಾಲದ ಗಾಳಿ ಹಾಗಿತ್ತು. ರೇ ಸನ್ನದು ಪಡೆದ ಮರುವರ್ಷವೇ ಸುಪ್ರೀಂ ಕೋರ್ಟು ಮೈರಾ ಬ್ರ್ಯಾಡ್‌ವೆಲ್ ಎಂಬ ಬಿಳಿಯ ಮಹಿಳೆಗೆ ವಕೀಲಿಕೆಯ ಹಕ್ಕಿಲ್ಲ ಅಂದಿತು. ಹೆಂಡತಿ, ತಾಯಿ ಆಗುವುದೇ ಹೆಣ್ಣಿನ ಪರಮ ಧರ್ಮ, ಅದು ಸೃಷ್ಟಿಕರ್ತನ ಕಾನೂನು ಅಂತ ಒಬ್ಬ ನ್ಯಾಯಮೂರ್ತಿ ಬರೆದರು.

ರೇ ನಡೆಸಿದ ಕೇಸುಗಳಲ್ಲಿ ನಮಗೆ ಚೆನ್ನಾಗಿ ತಿಳಿದಿರುವುದು ಒಂದು, 1875ರ ಗ್ಯಾಡ್ಲಿ ಕೇಸು. ಕುಡಿದು ಬಂದು ಹಿಂಸೆ ಕೊಡುತ್ತಿದ್ದ ಗಂಡನಿಂದ ಮಾರ್ಥಾ ಗ್ಯಾಡ್ಲಿ ಎಂಬವರು ಕೇಳಿದ ವಿಚ್ಛೇದನ. ಕೆಳಗೆ ತಿರಸ್ಕಾರವಾಗಿ, ಮೇಲ್ಮನವಿಗೆ ರೇ ವಕೀಲರು. ಇವತ್ತು ನನ್ನ ಟೇಬಲ್ಲಿನ ಮೇಲಿರುವ ಫೈಲುಗಳಲ್ಲಿ ಅರ್ಧ ಇಂಥವೇ. ಕಂಪನಿ ಕಾನೂನಿನಲ್ಲಿ ರೇ ಬಹಳ ಗಟ್ಟಿ ಎಂಬ ಮಾತಿತ್ತು, ಗುಲಾಮಗಿರಿಯ ವಿರುದ್ಧ ಹೋರಾಡಿದ ಕಪ್ಪು ನಾಯಕ ಫ್ರೆಡೆರಿಕ್ ಡಗ್ಲಸ್ ಅವರ ಪತ್ರಿಕೆಯಲ್ಲಿ ಜಾಹೀರಾತೂ ಇತ್ತು. ಕಕ್ಷಿದಾರರು ಬರಲಿಲ್ಲ. ಬಿಳಿಯರು ಬರುವುದಂತೂ ದೂರ, ಕಪ್ಪು ಜನಕ್ಕೂ ಬಿಳಿಯ ನ್ಯಾಯಾಧೀಶರ ಮುಂದೆ ಕಪ್ಪು ಹೆಂಗಸನ್ನು ನಿಲ್ಲಿಸಲು ಭಯ. ಆಫೀಸು ಮುಚ್ಚಿ ಬ್ರೂಕ್ಲಿನ್ನಿನಲ್ಲಿ ಶಾಲಾ ಟೀಚರ್ ಆದರು, 1911ರಲ್ಲಿ ತೀರಿಕೊಂಡರು. ನಮ್ಮಲ್ಲಿ ಹೇಳುವ ಹಾಗೆ, ಬೋರ್ಡು ಇತ್ತು, ಬ್ರೀಫ್ ಇರಲಿಲ್ಲ.

ಅದೇ ನ್ಯೂಯಾರ್ಕಿನಲ್ಲಿ 1939ರಲ್ಲಿ ಜೇನ್ ಬೋಲಿನ್ ಅಮೆರಿಕದ ಮೊದಲ ಕಪ್ಪು ಮಹಿಳಾ ನ್ಯಾಯಾಧೀಶೆಯಾದರು. ಮೇಯರ್ ಕರೆಸಿದಾಗ ಬೈಯುವುದಕ್ಕೇ ಇರಬೇಕು ಅಂತ ಹೆದರಿಕೊಂಡೇ ಹೋದರಂತೆ. 40 ವರ್ಷ ಕೌಟುಂಬಿಕ ನ್ಯಾಯಾಲಯದಲ್ಲಿ ಕೂತರು, ಮಕ್ಕಳು ಹೆದರಬಾರದು ಅಂತ ನಿಲುವಂಗಿ ತೊಡುತ್ತಿರಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಮೊದಲ ಕಪ್ಪು ಮಹಿಳೆ ಕೆಟಾಂಜಿ ಬ್ರೌನ್ ಜಾಕ್ಸನ್ ಹುಟ್ಟಿದ್ದು ಮಾಟ್ಲಿಯವರ ಹುಟ್ಟುಹಬ್ಬದ ದಿನವೇ, 49 ವರ್ಷ ಬಿಟ್ಟು. ನಾಮನಿರ್ದೇಶನದ ದಿನ ಜಾಕ್ಸನ್ ತಾವೇ ಅದನ್ನು ಹೇಳಿಕೊಂಡರು.

ರಜೆ ಮುಗಿದು ಕೋರ್ಟು ತೆರೆದ ಎರಡನೇ ವಾರ ಒಂದು ಪಾಲುದಾವೆಯಲ್ಲಿ ಪಾಟೀಸವಾಲು ಇತ್ತು. ಸಾಕ್ಷಿ ಒಬ್ಬ ಮುದುಕಿ, ಸೆರಗನ್ನು ತಲೆ ಮೇಲೆಳೆದುಕೊಂಡು, ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಎದ್ದು ಕೇಳಿದೆ. "ನೀವು ಮದುವೆಯಾಗಿ ಆ ಮನೆಗೆ ಬಂದಾಗ ನಿಮ್ಮ ಮಾವನವರು ಇದ್ರಾ?" ಉತ್ತರ ಬರಲಿಲ್ಲ. ಕಿವಿ ಮಂದ ಇರಬೇಕು ಅಂದುಕೊಂಡು ಇನ್ನೊಂದು ಸಲ ಸ್ವಲ್ಪ ಜೋರಾಗಿ ಕೇಳಿದೆ. ಅವರು ತಿರುಗಿ ತಮ್ಮ ಹಿಂದೆ ಯಾರಿದ್ದಾರೆ ಅಂತ ನೋಡಿದರು. ಹಿಂದೆ ಗೋಡೆ, ಗೋಡೆಯ ಮೇಲೆ ಕ್ಯಾಲೆಂಡರು. ಮತ್ತೆ ನನ್ನ ಕಡೆ ತಿರುಗಿ, "ನನ್ನಾ ಕೇಳಿದ್ದು?" ಅಂದರು.

ಸಾಹೇಬರು ಟೈಪಿಸ್ಟ್ ಕಡೆ ನೋಡಿ ಬರೆಸಿದರು: "ನಾನು ಮದುವೆಯಾಗಿ ದಾವಾ ಮನೆಗೆ ಬಂದಾಗ ನನ್ನ ಮಾವನವರು ಬದುಕಿದ್ದರು ಎಂದರೆ ಸರಿ."